ನೆರೆ ನಕ್ಷೆಯಲ್ಲಿ ಹೊಳೆ ಪಕ್ಕದ ಕಾಡಿಗೇ ನೀರು ಬರುತ್ತಿಲ್ಲ

ನೆರೆಗೆರೆ:
ತಲೆ ಕೆಟ್ಟುಹೋಗಿದೆ. ಹೆಕ್-ರಾಸ್‌ನಲ್ಲಿ (ನೆರೆ ಲೆಕ್ಕ ಹಾಕುವ ಸಾಫ್ಟ್‌ವೇರ್) 2ಡಿ ಮಾಡೆಲ್ ಓಡಿಸುತ್ತಿದ್ದೇನೆ. ಎರಡೂ ದಂಡೆಯ ಹೊಲಗಳಿಗೆ ನೀರು ನುಗ್ಗುತ್ತದೆ, ಹೊಳೆಗೆ ಅಂಟಿಕೊಂಡಿರುವ ಕಾಡು ಮಾತ್ರ ದ್ವೀಪದ ಹಾಗೆ ಒಣ. ಹೊಳೆ ಉಕ್ಕಿದರೆ ಮೊದಲು ಮುಳುಗುವುದೇ ಆ ಕಾಡು! ಮರಗಳ ಬುಡದಲ್ಲಿ ಎದೆಮಟ್ಟದವರೆಗೆ ಕೆಸರಿನ ಗುರುತಿದೆ, ಕವಲುಗಳಲ್ಲಿ ಕಸ ಸಿಕ್ಕಿಕೊಂಡಿದೆ. ಮೆಶ್ (ಲೆಕ್ಕದ ಚೌಕಗಳ ಜಾಲ) ಸಣ್ಣದು ಮಾಡಿದೆ, ಟೈಮ್ ಸ್ಟೆಪ್ (ಲೆಕ್ಕದ ಸಮಯದ ಹೆಜ್ಜೆ) ಇಳಿಸಿದೆ, ಏನೂ ಬದಲಾಗಲಿಲ್ಲ. ಕಾಡಿನ ಪರಿಸರ ವರದಿಗೂ ಇದೇ ನಕ್ಷೆ ಹೋಗಬೇಕು. ಒಣ ಅಂತ ತೋರಿಸಿದರೆ ಅದನ್ನು ನೆರೆಬಯಲಿನಿಂದಲೇ ಕೈಬಿಡುತ್ತಾರೆ.

ಗೇಜ್‌ಕಲ್ಲು:
ಮ್ಯಾನಿಂಗ್ ಎನ್ (ನೆಲ, ಗಿಡಮರ ನೀರಿಗೆ ಒಡ್ಡುವ ತಡೆಯ ಅಂಕಿ) ಎಷ್ಟು ಕೊಟ್ಟಿದ್ದೀರಿ? ಎಲ್ಲ ಕಡೆ 0.035 ಹಾಕಿದ್ದರೆ ಅಲ್ಲೇ ಎಡವಟ್ಟು. ಅದು ಹೊಳೆ ಪಾತ್ರಕ್ಕೆ ಸರಿ. ದಟ್ಟ ಮರಗಳಿಗೆ 0.1ರ ಮೇಲೆಯೇ ಬೇಕು. ತಡೆ ಜಾಸ್ತಿಯಾದರೆ ಮಟ್ಟ ಏರುತ್ತದೆ, ನೀರು ಕಾಡಿಗೆ ಹತ್ತುತ್ತದೆ.

ರಾಸ್ಟರ್‌ರಾಣಿ:
ಅದಿರಲಿ, ಡೆಮ್ (ಎತ್ತರದ ಡಿಜಿಟಲ್ ನಕ್ಷೆ) ಯಾವುದು?

ನೆರೆಗೆರೆ:
ಕಾಡಿಗೆ 0.12 ಕೊಟ್ಟೆ. ಮಟ್ಟ ಚೂರು ಏರಿತು, ಕಾಡು ಹಾಗೇ ಇದೆ. ಡೆಮ್ ಎಲ್ಲರೂ ಬಳಸುವ 30 ಮೀಟರ್ ಚೌಕಗಳದ್ದೇ.

ಗೇಜ್‌ಕಲ್ಲು:
0.15 ಹಾಕಿ ನೋಡಿ. ಆಗಲಿಲ್ಲವಾ, 0.2 ಹಾಕಿ. ಎನ್ ಸರಿ ಮಾಡದೆ ಬೇರೆ ಏನು ಹುಡುಕಿದರೂ ಪ್ರಯೋಜನ ಇಲ್ಲ.

ಕೆಸರುಕಾಲು:
ಡೆಮ್‌ಗೆ ಫಿಲ್ ಸಿಂಕ್ಸ್ (ತಗ್ಗುಗಳನ್ನು ತುಂಬಿಸುವುದು) ಮಾಡಿದ್ದೀರಾ? ಮಾಡಿದ್ದರೆ ದಯವಿಟ್ಟು ಮೂಲ ಫೈಲ್‌ಗೆ ವಾಪಸ್ ಹೋಗಿ. ಹಳೇ ಪಾತ್ರಗಳು, ನೀರು ನಿಲ್ಲುವ ತಗ್ಗುಗಳು ಎಲ್ಲ ಸಪಾಟಾಗುತ್ತವೆ. ಮೀನು ಮರಿಯಾಗುವುದು, ಕಪ್ಪೆ ಮೊಟ್ಟೆಯಿಡುವುದು ಅಂಥ ತಗ್ಗಿನಲ್ಲೇ. ಅದೇ ಅಳಿಸಿಹೋದ ಮೇಲೆ ಪರಿಸರ ವರದಿಯಲ್ಲಿ ಬರೆಯುವುದೇನು?

ಗೇಜ್‌ಕಲ್ಲು:
ಫಿಲ್ ಮಾಡದೆ ಯಾರಾದರೂ ಕೆಲಸ ಶುರುಮಾಡುತ್ತಾರಾ?

ಕೆಸರುಕಾಲು:
ಹರಿವಿನ ದಿಕ್ಕು ತೆಗೆಯಲು ಬೇಕು ಸರ್, ಅಲ್ಲೂ ತಗ್ಗು ತುಂಬುವ ಬದಲು ದಾರಿ ಕೊರೆಯುವುದು ಒಳ್ಳೆಯದು. 2ಡಿ ಮಾಡೆಲ್‌ನಲ್ಲಿ ತಗ್ಗಿಗೆ ನೀರು ತಾನೇ ತುಂಬುತ್ತದೆ.

ಬಿಗ್‌ಮೆಶ್:
ನಾನು 128 ಜಿಬಿ ರ‍್ಯಾಮ್ ಇರುವ ವರ್ಕ್‌ಸ್ಟೇಷನ್‌ನಲ್ಲಿ 5 ಮೀಟರ್ ಮೆಶ್ ಓಡಿಸುತ್ತೇನೆ. ಇಂಥ ತೊಂದರೆ ಬಂದೇ ಇಲ್ಲ.

ರಾಸ್ಟರ್‌ರಾಣಿ:
30 ಮೀಟರ್ ಡೆಮ್ ಮೇಲೆ 5 ಮೀಟರ್ ಮೆಶ್ ಹಾಕಿದರೆ ನೆಲದ ಬಗ್ಗೆ ಹೊಸದೇನೂ ಗೊತ್ತಾಗುವುದಿಲ್ಲ.
@ನೆರೆಗೆರೆ, "ಎಲ್ಲರೂ ಬಳಸುವ" ಅಂದರೆ ಯಾವುದು ಹೇಳಿ. ಎಸ್‌ಆರ್‌ಟಿಎಂ (ಅಂತರಿಕ್ಷದಿಂದ ಅಳೆದ ಡೆಮ್) 2000ದ ಫೆಬ್ರವರಿಯದು, ಎತ್ತರ ಇಜಿಎಂ96 ಎಂಬ ಜಿಯಾಯ್ಡ್ (ಸಮುದ್ರಮಟ್ಟದ ಮಾದರಿ) ಮೇಲೆ. ಕೋಪರ್ನಿಕಸ್ ಡೆಮ್ ಇಜಿಎಂ2008 ಎಂಬ ಇನ್ನೊಂದು ಜಿಯಾಯ್ಡ್ ಮೇಲೆ. ಎರಡೂ ರೇಡಾರ್‌ನಿಂದ ಬಂದವು, ಕಾಡಿದ್ದ ಕಡೆ ನೆಲ ಬಿಟ್ಟು ಮರದ ತಲೆಯ ಹತ್ತಿರದ ಎತ್ತರ ಕೊಡುತ್ತವೆ. ಹೊಲದಿಂದ ಕಾಡಿಗೆ ಒಂದು ಪ್ರೊಫೈಲ್ ಗೆರೆ ಎಳೆಯಿರಿ. ಅಂಚಿನಲ್ಲಿ ಗೋಡೆ ಎದ್ದಂತೆ ಎತ್ತರ ಜಿಗಿದರೆ ಅದು ಮರ. ಅಷ್ಟು ಮೇಲಿರುವ ಕಡೆಗೆ ಎನ್ ಏರಿಸಿ ನೀರು ಹತ್ತಿಸಲು ಆಗುವುದಿಲ್ಲ.

ನೆರೆಗೆರೆ:
ಕೋಪರ್ನಿಕಸ್. ಆದರೆ ನೆರೆ ಬಂದ ದಿನದ ಸೆಂಟಿನೆಲ್-1 ರೇಡಾರ್ ಉಪಗ್ರಹದ ಚಿತ್ರದಲ್ಲೂ ಹೊಲ ಕಪ್ಪು, ಕಾಡು ಬೆಳ್ಳಗಿದೆ. ಉಪಗ್ರಹವೂ ಒಣ ಅಂತಲೇ ಹೇಳುತ್ತಿದೆ ಅಲ್ವಾ?

ರಾಸ್ಟರ್‌ರಾಣಿ:
ಇಲ್ಲ. ಬಯಲಿನ ನೀರು ರೇಡಾರ್ ಅಲೆಯನ್ನು ಆಚೆ ಜಾರಿಸುತ್ತದೆ, ಅದಕ್ಕೆ ಕಪ್ಪು. ಮರದ ಕೆಳಗೆ ನೀರಿದ್ದರೆ ಅಲೆ ನೀರಿಗೂ ಕಾಂಡಕ್ಕೂ ಬಡಿದು ವಾಪಸ್ ಬರುತ್ತದೆ, ಚಿತ್ರ ಇನ್ನೂ ಬೆಳ್ಳಗಾಗುತ್ತದೆ. ಅದೇ ಕಕ್ಷೆಯ ಬೇಸಿಗೆ ಚಿತ್ರದ ವಿವಿ ಪದರ (ಅಲೆಯನ್ನು ಲಂಬವಾಗಿ ಕಳಿಸಿ ಲಂಬವಾಗಿಯೇ ಪಡೆದದ್ದು) ಪಕ್ಕದಲ್ಲಿಟ್ಟು ನೋಡಿ. ನೆರೆ ದಿನ ಜಾಸ್ತಿ ಬೆಳ್ಳಗಿದ್ದರೆ ಕೆಳಗೆ ನೀರಿತ್ತು ಅನ್ನಲು ಅದು ಬಲವಾದ ಸುಳಿವು. ಎರಡೂ ಒಂದೇ ಥರ ಇದ್ದರೆ ಒಣ ಅಂತ ತೀರ್ಮಾನಿಸಬೇಡಿ, ದಟ್ಟ ಎಲೆ ದಾಟಿ ಸೆಂಟಿನೆಲ್-1ರ ಸಿ-ಬ್ಯಾಂಡ್ ಅಲೆ ಕೆಳಗೆ ಇಳಿದೇ ಇರಲಿಕ್ಕಿಲ್ಲ. ಅದಕ್ಕಿಂತ ಉದ್ದದ ಅಲೆಯಾದ ಎಲ್-ಬ್ಯಾಂಡ್ ಇನ್ನೂ ಆಳಕ್ಕೆ ಹೋಗುತ್ತದೆ. 2025ರ ಜುಲೈನಲ್ಲಿ ಹಾರಿದ ಉಪಗ್ರಹ ನಿಸಾರ್‌ನಲ್ಲಿ ಅದಿದೆ.
ಡೆಮ್‌ಗೆ ಫ್ಯಾಬ್‌ಡೆಮ್ ಹಾಕಿ. ಕೋಪರ್ನಿಕಸ್‌ನಿಂದಲೇ ಮರ, ಕಟ್ಟಡಗಳ ಎತ್ತರ ಕಳೆದು ಮಾಡಿದ್ದು. ವಾಣಿಜ್ಯ ಕೆಲಸವಾದರೆ ಲೈಸೆನ್ಸ್ ನೋಡಿಕೊಳ್ಳಿ. ಕಾಡಿನೊಳಗೆ ಕೆಲವು ಕಡೆ ಲೆವೆಲ್ ತೆಗೆದು ತಾಳೆ ನೋಡಲೇಬೇಕು. ಜಿಪಿಎಸ್ ಎತ್ತರವನ್ನು ಜಿಯಾಯ್ಡ್‌ಗೆ ಬದಲಿಸದೆ ಹೋಲಿಸಬೇಡಿ.

ನೆರೆಗೆರೆ:
ಪ್ರೊಫೈಲ್‌ನಲ್ಲಿ ಕಾಡಿನ ಅಂಚಿಗೆ ನೆಟ್ಟಗೆ ಗೋಡೆಯೇ ಇದೆ. ಫ್ಯಾಬ್‌ಡೆಮ್ ಹಾಕಿದ ಮೇಲೆ ನೀರು ಕಾಡಿನೊಳಗೆ ಹೋಗುತ್ತಿದೆ! ಆದರೆ ಕಾಡಿನ ಹಿಂದಿನ ಹಳೇ ಪಾತ್ರ ಇನ್ನೂ ಒಣ. ನಡುವೆ ಏರಿ ಮೇಲೆ ರಸ್ತೆ ಇದೆ.

ಗೇಜ್‌ಕಲ್ಲು:
ಈಗ ಎನ್ ಎಷ್ಟಿದೆ?

ಕೆಸರುಕಾಲು:
ಏರಿಯ ಕೆಳಗೆ ಮೋರಿ ಇದೆಯಾ? ಡೆಮ್‌ನಲ್ಲಿ ಮೋರಿ ಕಾಣುವುದಿಲ್ಲ, ನೀವೇ ಸೇರಿಸಬೇಕು. ಅಗಲ, ಎತ್ತರ, ಎರಡೂ ಬದಿಯ ತಳಮಟ್ಟ ಅಳೆದು ಹಾಕಿ. ಅರ್ಧ ಹೂಳು ತುಂಬಿದ್ದರೆ ಅದನ್ನೂ ಹೇಳಿ.