ಸ್ಕ್ಯಾನ್ ಪ್ರಶ್ನೋತ್ತರ: ಒಂದು ಕ್ರೋಮೋಸೋಮ್ ಜಾಸ್ತಿ ಇದ್ದರೆ ಮಗುವಿನ ಹೃದಯ, ಕರುಳಿಗೆ ಏನಾಗುತ್ತೆ?

ಹಾಸನದ ಸದಸ್ಯೆ: ಡಾಕ್ಟ್ರೇ, 22 ವಾರದ ರಿಪೋರ್ಟಲ್ಲಿ ‘ಎವಿಎಸ್‌ಡಿ, ಡಬಲ್ ಬಬಲ್, ನೀರು ಜಾಸ್ತಿ’ ಅಂತಿದೆ. ತಾಯಿಗೆ 26 ಅಷ್ಟೇ. ಡೌನ್ ಸಿಂಡ್ರೋಮ್ ವಯಸ್ಸಾದವರಿಗಲ್ವಾ?

ಡಾಕ್ಟರ್: ವಯಸ್ಸಿನ ಜೊತೆ ಅಪಾಯ ಏರುತ್ತೆ, ಆದ್ರೆ 26ಕ್ಕೆ ಸೊನ್ನೆ ಏನಲ್ಲ. ಹೃದಯದ ದೋಷ, ಡಬಲ್ ಬಬಲ್ ಎರಡೂ ಒಟ್ಟಿಗೆ ಕಂಡರೆ ಮೊದಲ ಅನುಮಾನ 21ನೇ ಕ್ರೋಮೋಸೋಮ್ ಮೂರಿದೆ, ಅಂದ್ರೆ ಡೌನ್ ಸಿಂಡ್ರೋಮ್ ಅಂತಲೇ. ಹೃದಯದ ನಡುವೆ ಎದುರುಬದುರು ಎರಡು ಮೆತ್ತೆ ಬೆಳೆದು, ಸುಮಾರು 8 ವಾರದ ಹೊತ್ತಿಗೆ ಕೂಡಿಕೊಳ್ಳಬೇಕು. ಕೂಡದಿದ್ದರೆ ನಡುವೆ ತೂತು, ಎರಡರ ಬದಲು ಒಂದೇ ಕವಾಟ, ಇದೇ ಎವಿಎಸ್‌ಡಿ. ಸ್ಕ್ಯಾನಲ್ಲಿ ಬಲಗಡೆ ಕವಾಟ ಎಡದ್ದಕ್ಕಿಂತ ಒಂಚೂರು ಹೃದಯದ ತುದಿ ಕಡೆಗಿರಬೇಕು. ಇಂಥವರಲ್ಲಿ ಎರಡೂ ಗೆರೆ ಎಳೆದ ಹಾಗೆ ಒಂದೇ ಸಾಲು. ಹೊಟ್ಟೆಯಲ್ಲಿ ಕಾಣೋ ಎರಡು ಗುಳ್ಳೆ ಜಠರ ಮತ್ತು ಊದಿದ ಡ್ಯುಯೋಡಿನಮ್ (ಸಣ್ಣ ಕರುಳಿನ ಮೊದಲ ಭಾಗ). ಮುಂದೆ ದಾರಿ ಕಟ್ಟಿದೆ, ಮಗು ನುಂಗಿದ ಗರ್ಭದ ನೀರು ಇಳಿಯಲ್ಲ, ಅದಕ್ಕೇ ನೀರು ಹೆಚ್ಚು. ಅವಧಿಗೆ ಮುಂಚೆ ಹೆರಿಗೆ ಆಗೋ ಭಯ ಇದರಿಂದಲೇ.

ಆಮ್ನಿಯೋಸೆಂಟೆಸಿಸ್ (ಸೂಜಿಯಿಂದ ಗರ್ಭದ ನೀರು ತೆಗೆದು ಪರೀಕ್ಷೆ) ಈ ವಾರವೇ ಆಗಲಿ. ಕ್ಯೂಎಫ್‌-ಪಿಸಿಆರ್ ಅನ್ನೋ ಬೇಗದ ಕ್ರೋಮೋಸೋಮ್ ಎಣಿಕೆ 2–3 ದಿನದಲ್ಲಿ ಬರುತ್ತೆ. ಆದರೂ ಕ್ಯಾರಿಯೋಟೈಪ್ (ಎಲ್ಲ ಕ್ರೋಮೋಸೋಮ್ ಚಿತ್ರ) ಬಿಡಬೇಡಿ: ಟ್ರಾನ್ಸ್‌ಲೊಕೇಶನ್ (ಹೆಚ್ಚಿನ ಕ್ರೋಮೋಸೋಮ್ ಇನ್ನೊಂದಕ್ಕೆ ಅಂಟಿರೋದು) ಇದ್ದರೆ ಅದರಲ್ಲೇ ಗೊತ್ತಾಗೋದು, ಮುಂದಿನ ಬಸಿರಿನ ಲೆಕ್ಕ ಅದರ ಮೇಲೆ. ಬಸಿರು ಮುಂದುವರಿಸಿದರೆ, ಹುಟ್ಟಿದ ಮೇಲೆ ಬಾಯಿಗೆ ಹಾಲು ಹಾಕದೆ ಹೊಟ್ಟೆ ಖಾಲಿ ಮಾಡಲು ಮೂಗಿನ ನಳಿಗೆ, ಮೊದಲ ದಿನಗಳಲ್ಲೇ ಕರುಳಿನ ಆಪರೇಷನ್, ಸಾಮಾನ್ಯವಾಗಿ 3–6 ತಿಂಗಳಲ್ಲಿ ಹೃದಯದ್ದು. ತಡವಾದರೆ ಶ್ವಾಸಕೋಶದ ಒತ್ತಡ ಇಳಿಯದ ಹಂತಕ್ಕೆ ಹೋಗುತ್ತೆ. ಬಸಿರು ಬೇಡ ಅನ್ನೋದಾದರೆ, 24 ವಾರ ದಾಟಿದ ಮೇಲೆ ಮೆಡಿಕಲ್ ಬೋರ್ಡ್ ಒಪ್ಪಬೇಕು. ಇವತ್ತೇ ಫೋನ್ ಮಾಡಿ.

ಗದಗದ ಸದಸ್ಯ: ಹೃದಯದಲ್ಲಿ ಬಿಳಿ ಚುಕ್ಕೆ ಇದೆಯಂತೆ?

ಡಾಕ್ಟರ್: ಬೇರೇನೂ ಇಲ್ಲ, ಸ್ಕ್ರೀನಿಂಗ್ ಸರಿ ಇದೆ ಅಂದ್ರೆ ಚಿಂತೆ ಬೇಡ.



ಶಿರಸಿಯ ಸದಸ್ಯ: ಫಾರ್ವರ್ಡ್ ಬಂದಿದೆ, ಗರಿಕೆ ರಸ 21 ದಿನ ಕುಡಿದರೆ ಕ್ರೋಮೋಸೋಮ್ ಸರಿಹೋಗುತ್ತಂತೆ.

ಡಾಕ್ಟರ್: ಮೂರನೇ ಪ್ರತಿ ಮಗುವಿನ ಜೀವಕೋಶಗಳ ಒಳಗೇ ಕೂತಿದೆ. ಯಾವ ರಸ ಹೋಗಿ ಅದನ್ನ ಕಿತ್ತು ತೆಗೆಯುತ್ತೆ? ಫೋಲಿಕ್ ಆಸಿಡ್ 400 ಮೈಕ್ರೋಗ್ರಾಂ ಕೂಡ ನರಕೊಳವೆ (ಮಿದುಳು, ಬೆನ್ನುಹುರಿ) ದೋಷ ತಡೆಯಲಿಕ್ಕೆ, ಇದಕ್ಕಲ್ಲ. 21 ದಿನ ಕಾದರೆ ಹಾಸನದವರಿಗೆ 25 ವಾರ ಆಗಿರುತ್ತೆ. ಇನ್ನೊಂದು ಫಾರ್ವರ್ಡ್ ಹಾಕಿದರೆ ಅಳಿಸ್ತೀನಿ.

ಮಂಡ್ಯದ ಸದಸ್ಯ: ಸೋದರಮಾವನ್ನೇ ಮದುವೆ ಆದ್ರೆ ಹಿಂಗೇ ಆಗೋದು.

ಹಾಸನದ ಸದಸ್ಯೆ: ಯಾರು ಹೇಳಿದ್ರು ಸೋದರಮಾವ ಅಂತ? ಬಾಯಿಗೆ ಬಂದಿದ್ದು ಬರೀಬೇಡಿ.

ಮಂಡ್ಯದ ಸದಸ್ಯ: ಇರೋದನ್ನ ಹೇಳಿದೆ.

ಶಿರಸಿಯ ಸದಸ್ಯ: ಗರಿಕೆಗೆ ನಗೋರು ಇದಕ್ಕೆ ಸುಮ್ಮನಿದ್ದೀರಲ್ಲ ಡಾಕ್ಟ್ರೇ?

ಡಾಕ್ಟರ್: ರಕ್ತಸಂಬಂಧದಲ್ಲಿ ಹೆಚ್ಚೋದು ಅಪ್ಪ-ಅಮ್ಮ ಇಬ್ಬರೂ ಹೊತ್ತಿರುವ ರಿಸೆಸಿವ್ ಕಾಯಿಲೆ. ಡೌನ್ ಸಿಂಡ್ರೋಮ್ ಹೆಚ್ಚಾಗಿ ಅಂಡಾಣು ವಿಭಜನೆಯಲ್ಲಾದ ತಪ್ಪು. ಮಂಡ್ಯದವರೇ, ಕ್ಷಮೆ ಕೇಳಿ.

ಗದಗದ ಸದಸ್ಯ: ಬಿಳಿ ಚುಕ್ಕೆಗೆ ಮಾತ್ರೆ ಇದೆಯಾ?

ಡಾಕ್ಟರ್: ಮೇಲೆ ಓದಿ.