ರಾತ್ರಿ ಬಾಯಿಪಾಠ ಮಾಡಿದ ಕೆಮಿಸ್ಟ್ರಿ ಬೆಳಗ್ಗೆ ಇರಲ್ಲ, ಏನು ಮಾಡಲಿ?

ಕೇಳಿದವರು, ಸುರಪುರದಿಂದ:

ನನ್ನ ತಂಗಿ ಒಂಬತ್ತನೇ ಕ್ಲಾಸ್, ಕನ್ನಡ ಮಾಧ್ಯಮ. ಗಣಿತ ಪರವಾಗಿಲ್ಲ. ಕೆಮಿಸ್ಟ್ರಿ ಪಾಠ ಬಂದರೆ ಪುಸ್ತಕ ಮುಚ್ಚಿಬಿಡುತ್ತಾಳೆ. ಸೂತ್ರಗಳನ್ನು ರಾತ್ರಿ ಬಾಯಿಪಾಠ ಮಾಡ್ತಾಳೆ, ಬೆಳಗ್ಗೆ ಕೇಳಿದರೆ ಒಂದೂ ಇರುವುದಿಲ್ಲ. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ. ಟ್ಯೂಷನ್‌ಗೆ ಕಳಿಸೋ ಅನುಕೂಲ ನಮಗಿಲ್ಲ. ನಾನು ಓದಿದ್ದು ಬಿ.ಎ. ಮನೆಯಲ್ಲೇ ಕಲಿಸಿದವರು ಇದ್ದರೆ ಹೇಳಿ.

ಕಲಬುರಗಿಯಿಂದ:

ಅಕ್ಕಾ, ಸೂತ್ರ ಆಮೇಲೆ. ಮೊದಲು ವಸ್ತು ಕೈಗೆ ಕೊಡಿ. ನಾನು ಹನ್ನೊಂದು ವರ್ಷದಿಂದ ಮನೆಯಲ್ಲಿ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತಿದ್ದೇನೆ. ಶುರುವಿನಲ್ಲಿ ನಾನೂ ವೇಲೆನ್ಸಿ ಪಟ್ಟಿಯನ್ನು ಗೋಡೆಗೆ ಅಂಟಿಸಿ ದಿನಾ ಹೇಳಿಸುತ್ತಿದ್ದೆ. ಒಬ್ಬ ಹುಡುಗ ಕ್ಯಾಲ್ಸಿಯಂ ಕಾರ್ಬೊನೇಟ್ ಸೂತ್ರವನ್ನು ತಪ್ಪಿಲ್ಲದೆ ಬರೆದ. ಇದು ಎಲ್ಲಿ ಸಿಗುತ್ತೆ ಅಂತ ಕೇಳಿದೆ. "ಲ್ಯಾಬ್‌ನಲ್ಲಿ ಸರ್" ಅಂದ. ಅವನು ಕೂತಿದ್ದು ಶಹಾಬಾದ್ ಫರ್ಸಿ ಮೇಲೆ. ಅವತ್ತೇ ಪಟ್ಟಿ ತೆಗೆದೆ.

ಫರ್ಸಿ ಅಂದರೆ ಸುಣ್ಣದ ಕಲ್ಲು, ಅದರಲ್ಲಿ ಇರೋದು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಸೇಡಂ, ವಾಡಿ ಕಡೆ ಸಿಮೆಂಟ್ ಫ್ಯಾಕ್ಟರಿಗಳು ಬಂದಿದ್ದೂ ಇದೇ ಕಲ್ಲು ಸಿಗುತ್ತೆ ಅಂತ. ಒಡೆದ ಒಂದು ಚೂರು ತಂದು ಬಟ್ಟಲಲ್ಲಿಟ್ಟು ಮೇಲೆ ನಿಂಬೆ ಹಿಂಡಿ. ಮೊದಲು ಏನೂ ಆಗಿಲ್ಲ ಅನ್ನಿಸುತ್ತೆ. ಹತ್ತಿರದಿಂದ ನೋಡಿದರೆ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಕಲ್ಲಿಗೆ ಅಂಟಿಕೊಂಡಿರುತ್ತವೆ, ಒಂದೊಂದೇ ಬಿಟ್ಟು ಮೇಲೆ ಬರುತ್ತವೆ. ಆಮೇಲೆ ಅಂಥದೇ ಇನ್ನೊಂದು ಚೂರನ್ನು ಕುಟ್ಟಿ ಪುಡಿ ಮಾಡಿ ಹಾಕಿ, ಬೇಗ ನೊರೆ ಏಳುತ್ತದೆ. ಕಲ್ಲು ಅದೇ, ನಿಂಬೆ ಅದೇ, ಈಗ ಯಾಕೆ ಜಾಸ್ತಿ ಅಂತ ಅವಳನ್ನೇ ಕೇಳಿ, ಸುಮ್ನೆ ಕಾಯಿರಿ, ನೀವು ಹೇಳಬೇಡಿ. ಇದನ್ನು ಮನೆ ನೆಲದ ಮೇಲೆ ಮಾತ್ರ ಮಾಡಬೇಡಿ, ಪಾಲಿಶ್ ಹೋಗಿ ಕಲೆ ಉಳಿಯುತ್ತೆ. ನಮ್ಮ ಪಡಸಾಲೆಯಲ್ಲಿ ಇನ್ನೂ ಇದೆ.

ಮಾರನೇ ದಿನ ಎಲೆ ಅಡಿಕೆಗೆ ಹಾಕೋ ಸುಣ್ಣ ತಗೊಳ್ಳಿ. ನೀರಲ್ಲಿ ಕದಡಿ ರಾತ್ರಿಯಿಡೀ ಬಿಡಿ, ಬೆಳಗ್ಗೆ ಮೇಲಿನ ತಿಳಿನೀರನ್ನು ಮಾತ್ರ ಗ್ಲಾಸಿಗೆ ಬಗ್ಗಿಸಿ. ಸ್ಟ್ರಾ ಹಾಕಿ ಮೆಲ್ಲಗೆ ಊದಿಸಿ. ಊದಬೇಕು ಅಷ್ಟೇ, ಒಳಗೆ ಎಳೆದುಕೊಂಡರೆ ಬಾಯಿ ಸುಡುತ್ತೆ, ಹಾಗಾಗಿ ನೀವು ಪಕ್ಕದಲ್ಲೇ ಇರಿ. ನೀರು ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಆ ಬಿಳಿ ಪುಡಿಯೂ ಕ್ಯಾಲ್ಸಿಯಂ ಕಾರ್ಬೊನೇಟೇ, ಅಂದರೆ ನಿನ್ನೆ ನೋಡಿದ ಫರ್ಸಿಯ ಸತ್ವವೇ ಅವಳ ಉಸಿರಿನ ಕಾರ್ಬನ್ ಡೈಆಕ್ಸೈಡ್‌ನಿಂದ ಗ್ಲಾಸಿನಲ್ಲಿ ಹುಟ್ಟಿತು. ಇದನ್ನು ನೋಡಿದಾಗ ಮಕ್ಕಳ ಮುಖ ನೋಡಬೇಕು ನೀವು.

ಇನ್ನೂ ಊದುತ್ತಾ ಹೋದರೆ ನೀರು ಮತ್ತೆ ತಿಳಿಯಾಗುತ್ತದೆ, ಈಗ ಅದು ಕರಗುವ ಕ್ಯಾಲ್ಸಿಯಂ ಬೈಕಾರ್ಬೊನೇಟ್. ಆ ನೀರನ್ನು ಕುದಿಸಿದರೆ ಬಿಳಿ ವಾಪಸ್ ಬರುತ್ತದೆ. ನಮ್ಮ ಬೋರ್‌ವೆಲ್ ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಹಕ್ಕಳೆ ಇದೆಯಲ್ಲ, ಅದು ಕೂಡ ಹೀಗೇ ಕಟ್ಟಿದ್ದು. ಅದರ ಮೇಲೂ ನಿಂಬೆ ಹಿಂಡಲಿ, ಗುಳ್ಳೆ ಏಳುತ್ತವೆ.

ಈಗ ಪುಸ್ತಕ ತೆಗೆಸಿ ಸಮೀಕರಣ ಬರೆಸಿ. ಹತ್ತನೇ ಕ್ಲಾಸಿನ ಮೊದಲ ಪಾಠದಲ್ಲೇ ಗೋಡೆಗೆ ಸುಣ್ಣ ಬಳಿಯೋ ವಿಷಯ ಬರುತ್ತದೆ, ಅವಳಿಗೆ ಅದು ಹಳೇ ಪರಿಚಯ ಆಗಿರುತ್ತದೆ.

ಬೀದರ್‌ನಿಂದ:

ಸರ್ ಹೇಳಿದ್ದು ನೂರಕ್ಕೆ ನೂರು ನಿಜ. ನನಗೆ ಲೋಹಗಳ ಪಾಠ ತಲೆಗೆ ಹತ್ತಿದ್ದು ಬಿದ್ರಿ ಕೆಲಸ ನೋಡಿ. ಪಾತ್ರೆ ಸತು ಮತ್ತು ಸ್ವಲ್ಪ ತಾಮ್ರದ ಮಿಶ್ರಲೋಹ, ಅದರೊಳಗೆ ಬೆಳ್ಳಿ ತಂತಿ ಕೂರಿಸಿರುತ್ತಾರೆ. ಕೊನೆಗೆ ಕೋಟೆಯ ಹಳೇ ಮಣ್ಣು ಮತ್ತು ನವಸಾಗರ ಹಾಕಿದ ದ್ರಾವಣದಲ್ಲಿ ಕಾಯಿಸುತ್ತಾರೆ. ಪಾತ್ರೆ ಕಪ್ಪಾಗುತ್ತೆ, ಬೆಳ್ಳಿ ಹಾಗೇ ಹೊಳೀತಿರುತ್ತೆ. ಎರಡೂ ಒಂದೇ ದ್ರಾವಣದಲ್ಲಿ ಇದ್ದವು, ಅಲ್ವಾ? ಸತು ಬೇಗ ವರ್ತಿಸುವ ಲೋಹ, ಬೆಳ್ಳಿ ಅಷ್ಟು ಸುಲಭಕ್ಕೆ ಮಣಿಯಲ್ಲ. ಕ್ರಿಯಾಶೀಲತೆಯ ಸರಣಿಯಲ್ಲಿ ಸತು ಮೇಲೆ, ಬೆಳ್ಳಿ ಕೆಳಗೆ ಯಾಕೆ ಬರುತ್ತೆ ಅಂತ ನಾನು ಆಮೇಲೆ ಯಾವತ್ತೂ ಬಾಯಿಪಾಠ ಮಾಡಲಿಲ್ಲ. ಕಲಬುರಗಿಗೆ ಬಂದಾಗ ಅಲ್ಲಿನ ಜಿಲ್ಲಾ ವಿಜ್ಞಾನ ಕೇಂದ್ರವನ್ನೂ ತಂಗಿಗೆ ತೋರಿಸಿ.

ಸುರಪುರದಿಂದ:

ಫರ್ಸಿ, ನಿಂಬೆ ನಿನ್ನೆ ಮಾಡಿದೆವು. ಎರಡನೇ ಚೂರನ್ನು ಅವಳೇ ಕುಟ್ಟಿದಳು. "ಪುಡಿ ಆದ ಮೇಲೆ ನಿಂಬೆಗೆ ತಾಗೋ ಜಾಗ ಜಾಸ್ತಿ" ಅಂತಲೂ ಅವಳೇ ಹೇಳಿದಳು. ಸರ್, ಮೋಲ್ ಪಾಠಕ್ಕೆ ಏನಾದರೂ ಇದೆಯಾ? ಅದರಲ್ಲೇ ಅತ್ತಿದ್ದು.

ಕಲಬುರಗಿಯಿಂದ:

ಇದೆ. ನೂರು ಸಜ್ಜೆ ಕಾಳು, ನೂರು ತೊಗರಿ ಕಾಳು ಎಣಿಸಿ ಎರಡು ಪೊಟ್ಟಣ ಕಟ್ಟಿಸಿ. ಎಣಿಕೆ ಒಂದೇ, ತೂಕ ಬೇರೆ. ಮೋಲ್ ಅಂದರೆ ಆ ಎಣಿಕೆ ಇದ್ದ ಹಾಗೆ, ನೂರರ ಬದಲು 6.022 ಗುಣಿಲೆ 10ರ ಘಾತ 23. ಅಷ್ಟು ಕಾರ್ಬನ್ ಪರಮಾಣುಗಳು 12 ಗ್ರಾಂ ತೂಗಿದರೆ ಅಷ್ಟೇ ಕ್ಯಾಲ್ಸಿಯಂ ಪರಮಾಣುಗಳು 40 ಗ್ರಾಂ.

ಆಮೇಲೆ ಫರ್ಸಿಗೇ ವಾಪಸ್ ಬನ್ನಿ. ಕ್ಯಾಲ್ಸಿಯಂ 40, ಕಾರ್ಬನ್ 12, ಮೂರು ಆಕ್ಸಿಜನ್ 48, ಒಟ್ಟು ಸರಿಯಾಗಿ 100. ತೊಗರಿ ಮಾರುವ ಮನೆಯ ಮಕ್ಕಳಿಗೆ ಕ್ವಿಂಟಲ್ ಲೆಕ್ಕ ಹೇಳಿಕೊಡಬೇಕಿಲ್ಲ. ಒಂದು ಕ್ವಿಂಟಲ್ ಶುದ್ಧ ಸುಣ್ಣದ ಕಲ್ಲನ್ನು ಭಟ್ಟಿಯಲ್ಲಿ ಪೂರ್ತಿ ಸುಟ್ಟರೆ ಸುಟ್ಟ ಸುಣ್ಣ ಸಿಗೋದು 56 ಕೆಜಿ. ಉಳಿದ 44 ಕೆಜಿ ಎಲ್ಲಿ ಹೋಯಿತು ಅಂತ ಕೇಳಿ. ನಿಂಬೆ ಹಿಂಡಿದಾಗ ಗುಳ್ಳೆಯಾಗಿ ಬಂದದ್ದು ಯಾವುದು ಅಂತ ಅವಳಿಗೆ ಗೊತ್ತಲ್ಲ.