ಅಪ್‌ಡೇಟ್: ಮಗಳ ಗಪ್ಪಿ ತೊಟ್ಟಿಯ ನೀರು ತಿಳಿಯಾಯಿತು

ಮಗಳ ಹೊಸ ಅಕ್ವೇರಿಯಂ ನೀರು ಹಾಲು ಬೆರೆಸಿದ ಹಾಗೆ ಬೆಳ್ಳಗಾಗಿದೆ, ಗಪ್ಪಿಗಳು ಮೇಲೆ ಬಂದು ಬಾಯಿ ಬಿಡುತ್ತಿವೆ, ಏನು ಮಾಡಲಿ ಅಂತ ಮೊನ್ನೆ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್. ಈಗ ಮೀನುಗಳು ಆರಾಮಾಗಿವೆ.

ಕೆಲಸಕ್ಕೆ ಬಂದಿದ್ದು "ಊಟ ಕಡಿಮೆ ಮಾಡಿ, ನೀರು ಸ್ವಲ್ಪ ಸ್ವಲ್ಪ ಬದಲಿಸಿ" ಅನ್ನುವ ಸಲಹೆ. ದಿನ ಬಿಟ್ಟು ದಿನ ಕಾಲು ಭಾಗ ನೀರು ತೆಗೆದು, ಹಿಂದಿನ ದಿನವೇ ಬಕೆಟ್‌ನಲ್ಲಿ ಹಿಡಿದಿಟ್ಟ ನೀರು ಹಾಕಿದೆವು. ಹಾಗೆ ತೆರೆದಿಟ್ಟರೆ ನಲ್ಲಿ ನೀರಿನ ಕ್ಲೋರಿನ್ ಹಾರಿಹೋಗುತ್ತದೆ. ಊಟ ದಿನಕ್ಕೊಮ್ಮೆ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು. ಮಗಳು ಒಂದು ಚಿಟಿಕೆ ಹಾಕಿ, ಗಾಜಿಗೆ ಮೂಗು ಒತ್ತಿಕೊಂಡು, ತಳಕ್ಕೆ ಏನಾದರೂ ಬಿತ್ತಾ ಅಂತ ನೋಡುತ್ತಾಳೆ. ಬಿದ್ದರೆ ತಕ್ಷಣ ಪೈಪ್ ಹಾಕಿ ಎಳೆಯಬೇಕು, ಕೊಳೆತರೆ ಮೀನಿಗೆ ವಿಷವಾದ ಅಮೋನಿಯಾ ಜಾಸ್ತಿಯಾಗುತ್ತದೆ.

ಪೂರ್ತಿ ನೀರು ಬದಲಿಸಿದ್ದು ಉಪಯೋಗವಾಗಲಿಲ್ಲ. ಮಾರನೇ ದಿನವೇ ಮತ್ತೆ ಬೆಳ್ಳಗಾಯಿತು. ಅಂಗಡಿಯ ನೀಲಿ ಔಷಧಿಯಿಂದಲೂ ಏನೂ ಆಗಲಿಲ್ಲ.

ನನಗೆ ತುಂಬಾ ಆಶ್ಚರ್ಯ ಆಗಿದ್ದು ಫಿಲ್ಟರ್ ಸ್ಪಂಜಿನ ವಿಷಯ. ಅಮೋನಿಯಾವನ್ನು ನೈಟ್ರೈಟ್, ಆಮೇಲೆ ಮೀನಿಗೆ ಅಷ್ಟು ಹಾನಿ ಮಾಡದ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಹೆಚ್ಚಾಗಿ ಅದರಲ್ಲೇ ಇರುತ್ತವೆ! ನಲ್ಲಿ ಕೆಳಗೆ ಉಜ್ಜಿ ತೊಳೆದರೆ ಕ್ಲೋರಿನ್‌ಗೆ ಅವು ಸಾಯುತ್ತವೆ. ತೊಟ್ಟಿಯಿಂದ ತೆಗೆದ ನೀರಲ್ಲೇ ನಾಲ್ಕು ಸಲ ಹಿಂಡಿದರೆ ಸಾಕು, ಸ್ವಲ್ಪ ಕಂದು ಬಣ್ಣ ಉಳಿದರೂ ಪರವಾಗಿಲ್ಲ. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಮಕ್ಕಳು ಎಷ್ಟು ಕೇಳಿದರೂ ಅಲ್ಲಿಯವರೆಗೆ ಹೊಸ ಮೀನು ತರಬೇಡಿ.